ಮುದುಕಿಯರನ್ನು ಕೊಲ್ಲುವ ಊರಿನಲ್ಲಿ ಬಾಣಂತನ

ಬಿಬವೇವಾಡಿ

ಇಂಗ್ಲೆಂಡಿನ ಹಳ್ಳಿಯ ಬಗ್ಗೆ ಹೊರಡುವ ಮುಂಚೆ ನನಗೆ ಗೊತ್ತಿದ್ದದ್ದು ಒಂದೇ ಮಾತು. ಅಲ್ಲಿ ಮುದುಕಿಯರನ್ನು ಕೊಲ್ಲುತ್ತಾರೆ.

ಇದನ್ನು ಹೇಳಿದವಳು ವಿಜಯಾ, ನಮ್ಮ ಸಾವ್ಕಾರರ ಕಿರಿಮಗಳು, ಕಾಲೇಜಿಗೆ ಹೋಗುವ ಹುಡುಗಿ. ಸಾವ್ಕಾರರದು ಬಿಜಾಪುರದ ಕಡೆಯ ಮನೆತನ, ಪುಣೆಯ ಬಿಬವೇವಾಡಿಯಲ್ಲಿ ಮನೆ, ಬಟ್ಟೆಯ ವ್ಯಾಪಾರ. ನಾನು ಯಾದಗಿರಿಯ ಕಡೆಯಿಂದ ಗಂಡನ ಸಂಗಡ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಸತ್ತ ಮೇಲೆ ಇಟ್ಟಿಗೆ ಹೊರುವುದು ಬಿಟ್ಟೆ, ಬಾಣಂತಿಯರಿಗೆ ಎಣ್ಣೆ ತಿಕ್ಕುವುದು, ಕೂಸುಗಳಿಗೆ ಎರೆಯುವುದು ಹಿಡಿದೆ. ಸಾವ್ಕಾರರ ಹೆಣ್ಣುಮಕ್ಕಳಿಬ್ಬರೂ ನನ್ನ ಕಾಲ ಮೇಲೆ ಮಲಗಿ ಎರೆಸಿಕೊಂಡವರು, ನನ್ನನ್ನು ಆಯಿ ಅನ್ನುವವರು. ಹಿರಿಯಳು ಸುಮಿತ್ರಾ ಮದುವೆಯಾಗಿ ಇಂಗ್ಲೆಂಡಿಗೆ ಹೋದಳು. ಗಂಡ ಅರವಿಂದರಾಯರು ಅಲ್ಲಿ ಯಾವುದೋ ಕಾರಖಾನೆಯಲ್ಲಿ ಎಂಜಿನಿಯರ್. ಮೊದಲ ಕೂಸು ಏಳು ತಿಂಗಳಿಗೇ ಹೋಯಿತು. ಈಗ ಮತ್ತೆ ಬಸುರಿ. ಸಾವ್ಕಾರ್ತಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಆಕೆ ಹೋಗುವ ಹಾಗಿರಲಿಲ್ಲ. ನನ್ನನ್ನು ಕಳಿಸುವುದೆಂದು ಆಯಿತು.

ಸಾವ್ಕಾರ್ತಿ ಎಡಗೈಯಿಂದ ನನ್ನ ಸೆರಗು ಹಿಡಿದು ಅಂದಳು: "ನಾಗವ್ವಾ, ಎರಡೂ ಜೀವ ನನಗ ತಿರುಗಿ ತೋರಸು."

"ತೋರಸ್ತೀನ್ರಿ," ಅಂದೆ. ಬೇರೆ ಏನು ಹೇಳಲಿ?

ಅಲ್ಲಿಯ ಹಳ್ಳಿ ಹೇಗಿರುತ್ತದೆ ಅಂತ ಕೇಳಿದರೆ ಸಾವ್ಕಾರರಿಗೂ ಗೊತ್ತಿರಲಿಲ್ಲ. ವಿಜಯಾ ಮಾತ್ರ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದಳು. ಇಂಗ್ಲಿಷಿನದು, ಯಾರೋ ಮರಾಠಿಗೆ ಮಾಡಿದ್ದರು. ನಾನು ಅವಳ ಅವ್ವನ ಕಾಲು ತಿಕ್ಕುವಾಗ ಅವಳು ಎದುರು ಕೂತು ಓದಿ ಹೇಳುತ್ತಿದ್ದಳು.

"ಆಯಿ, ನೀ ಹೋಗೂ ಊರು ಹಿಂಗ ಇರ್ತದ ನೋಡು. ಕಲ್ಲಿನ ಮನಿ, ಒಂದು ಚರ್ಚು, ಒಬ್ಬ ಪಾದ್ರಿ, ಒಬ್ಬ ಡಾಕ್ಟರು."

"ಮಂದಿ ಏನ್ ಮಾಡ್ತಾರ?"

"ಚಹಾ ಕುಡೀತಾರ. ಆಮ್ಯಾಲ ಒಬ್ಬರನ್ನ ಕೊಲ್ತಾರ."

"ಪೊಲೀಸ್ರು ಇರೂದಿಲ್ಲೇನು?"

"ಇರ್ತಾರ. ಅವರಿಗೇನೂ ತಿಳಿಯೂದಿಲ್ಲ."

ಆ ಕತೆಯಲ್ಲಿ ಒಬ್ಬ ವಿಧವೆ ಮುದುಕಿ. ಸಂಜೆ ಹಾಲು ಕುಡಿದು ಕೋಣೆಯ ಬಾಗಿಲು ಹಾಕಿಕೊಂಡಳು, ಬೆಳಿಗ್ಗೆ ಹೆಣ. ಹಾಲಿನಲ್ಲಿ ವಿಷ. ಬಾಜೂ ಮನೆಯವಳು ದಿನಾ ತಿನಿಸು ತಂದು ಕೊಡುತ್ತಿದ್ದಳು, ಅವಳ ಮೇಲೆ ಅನುಮಾನ. ಡಾಕ್ಟರ ಮೇಲೆ ಅನುಮಾನ, ಪಾದ್ರಿಯ ಮೇಲೆ ಅನುಮಾನ, ಅಕ್ಕನ ಮಗನ ಮೇಲೆ ಅನುಮಾನ. ಯಾರು ಮಾಡಿದರು ಅನ್ನುವಷ್ಟರಲ್ಲಿ ವಿಜಯಾ ಪುಸ್ತಕ ತಿರುವಿ ಹಾಕಿ ನೋಡಿದಳು. ಕೊನೆಯ ಹಾಳೆಗಳು ಹರಿದುಹೋಗಿದ್ದವು. ಬಾಡಿಗೆ ಪುಸ್ತಕ, ಯಾರು ಹರಿದರೋ.

"ಹಂಗಾದ್ರ ಕೊಂದವರು ಯಾರಂತ ತಿಳೀಲೇ ಇಲ್ಲ?" ಅಂದೆ.

"ಇಲ್ಲ. ನೀ ಹೋಗಿ ಕೇಳ್ಕೊಂಡ್ ಬಾ," ಅಂತ ನಕ್ಕಳು.

ಅವಳಿಗೆ ನಗು. ಹೋಗುವವಳು ನಾನು.

ವಿಮಾನ ಇಳಿದ ಜಾಗ

ವಿಮಾನದಲ್ಲಿ ಕೂತದ್ದನ್ನು ಏನು ಬರೆಯುವುದು? ಕೂತೆ, ಕಿವಿ ಮುಚ್ಚಿದವು, ಇಳಿದೆ. ಪಂಢರಪುರದ ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚು ನೋಡಲು ಸಿಗುತ್ತದೆ.

ಲಂಡನ್ನಿನಲ್ಲಿ ಒಬ್ಬ ಎತ್ತರದ ಗೋರಾ ಮನುಷ್ಯ ನನ್ನ ಟ್ರಂಕು ಬಿಚ್ಚಿಸಿದ. ಒಳಗೆ ಬಾಣಂತಿಯ ಸಾಮಾನು. ಅಜವಾನ, ಒಣಶುಂಠಿ, ತಿನ್ನುವ ಅಂಟು, ಇಂಗು, ಹೊಗೆ ಹಾಕುವ ಲೋಬಾನ. ಇಂಗಿನ ಡಬ್ಬಿ ತೆರೆದು ಮೂಸಿದವನು ಎರಡು ಹೆಜ್ಜೆ ಹಿಂದೆ ಸರಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಅಂಟಿನ ಹರಳನ್ನು ದೀಪಕ್ಕೆ ಹಿಡಿದು ನೋಡಿದರು. ಅಜವಾನ ಒಂದು ಚಿಟಿಕೆ ಬಾಯಿಗೆ ಹಾಕಿ ಅಗಿದು ತೋರಿಸಿದೆ. ಅವನು ಲೋಬಾನದ ಕಡೆ ಬೆರಳು ಮಾಡಿದ. ಅದನ್ನು ಹೇಗೆ ತಿನ್ನಲಿ? ಸೆರಗು ಸುತ್ತಿ ಹೊಟ್ಟೆ ಮುಂದೆ ಮಾಡಿ ಬಸುರಿಯ ಹಾಗೆ ನಡೆದು ತೋರಿಸಿದೆ. ಈ ಮುದುಕಿ ಬಸುರಿ ಅಂತ ತಿಳಿದರೋ ಏನೋ, ಇಬ್ಬರೂ ಇನ್ನಷ್ಟು ಗಾಬರಿಯಾದರು.

ಅಲ್ಲಿ ನೆಲ ಒರೆಸುತ್ತಿದ್ದ ಪಂಜಾಬಿ ಹೆಂಗಸೊಬ್ಬಳು ಕೋಲು ಊರಿ ನಿಂತು ಕೇಳಿದಳು: "ಅಮ್ಮಾ, ಜಚ್ಚಾ ಕಾ ಸಾಮಾನ್ ಹೈ ಕ್ಯಾ?"

"ಹೌದವ್ವಾ, ಹೌದು, ಜಚ್ಚಾ ಜಚ್ಚಾ!" ಅಂದೆ. ಬಾಣಂತಿಗೆ ಹಿಂದಿಯಲ್ಲಿ ಜಚ್ಚಾ ಅನ್ನುತ್ತಾರೆ ಎನ್ನುವುದು ಕಟ್ಟಡದ ಕೆಲಸದಲ್ಲಿ ಕಲಿತದ್ದು, ಅಲ್ಲಿ ಬಂತು ಉಪಯೋಗಕ್ಕೆ. ಆಕೆ ಅವರಿಗೆ ಇಂಗ್ಲಿಷಿನಲ್ಲಿ ಏನೋ ಬೈದ ಹಾಗೆ ಹೇಳಿದಳು. ಬಿಟ್ಟರು.

ಹಳ್ಳಿ

ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ಅದೇ ನನಗೆ ಭಯ. ಕಲ್ಲಿನ ಮನೆಗಳು, ಚರ್ಚು, ಪಾದ್ರಿ. ಚರ್ಚಿನ ಸುತ್ತ ಗೋರಿಗಳು, ಊರ ನಟ್ಟನಡುವೆ. ನಮ್ಮಲ್ಲಿ ಸುಡಗಾಡು ಊರ ಹೊರಗೆ, ಹೋಗಿ ಬಂದರೆ ಸ್ನಾನ. ಇಲ್ಲಿ ಮಂದಿ ಗೋರಿಗಳ ನಡುವೆ ಬಾಕಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಾರೆ.

ಬೀದಿಯಲ್ಲಿ ಗದ್ದಲವೇ ಇಲ್ಲ. ಸಾಸವಡದ ಸಂತೆಯಲ್ಲಿ ನಮ್ಮ ಮಾತು ನಮಗೇ ಕೇಳುವುದಿಲ್ಲ. ಇಲ್ಲಿ ನನ್ನ ಚಪ್ಪಲಿಯ ಸಪ್ಪಳ ನನಗೆ ಕೇಳುತ್ತಿತ್ತು, ಯಾರೋ ಹಿಂದೆ ಬಂದ ಹಾಗೆ. ಎದುರು ಬಂದವರು ಆಕಾಶ ನೋಡಿ ಏನೋ ಒಂದು ಮಾತು ಹೇಳಿ ಹೋಗುತ್ತಾರೆ. ಮಳೆ ಬರುತ್ತದೆ ಅನ್ನುತ್ತಾರಂತೆ. ಬರುತ್ತಲೇ ಇರುವ ಮಳೆಯ ಬಗ್ಗೆ ದಿನಾ ಹೇಳುವುದೇನು?

ಎಲ್ಲಕ್ಕಿಂತ ಕೆಟ್ಟದ್ದು ಹಾಲು. ಬೆಳಕು ಹರಿಯುವ ಮುಂಚೆ ಯಾರೋ ಬಂದು ಬಾಟಲಿಗಳನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ. ಕಾವಲಿಲ್ಲ. ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು. ನಾನು ಕಾಸಿ, ಮೊದಲು ಒಂದು ಲೋಟ ನಾನು ಕುಡಿದು, ಕೂತು ನೋಡುತ್ತಿದ್ದೆ.

"ಆಯಿ, ನನ್ನ ಹಾಲು ಎಲ್ಲಿ?" ಅನ್ನುತ್ತಿದ್ದಳು ಸುಮಿ.

"ತಡಿ. ಈಗ ಕುಡದೀನಿ. ಮಧ್ಯಾಹ್ನತನಾ ನೋಡೂಣು."

"ಏನ್ ನೋಡೂದು?"

"ಸಾಯ್ತೀನೋ ಇಲ್ಲೋ."

ಸುಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ವಿಜೀಗೆ ಒದೀಬೇಕು. ಆಯಿ, ಅದು ಕತಿ. ಸುಳ್ಳು."

ಕತೆ ಸುಳ್ಳಾದರೆ ಊರು ಹಾಗೇ ಯಾಕಿದೆ ಅಂತ ನಾನು ಕೇಳಲಿಲ್ಲ. ತುಂಬಿದ ಬಸುರಿಯ ಸಂಗಡ ವಾದ ಮಾಡಬಾರದು.

ಬಾಜೂ ಮನೆ

ಬಾಜೂ ಮನೆಯಲ್ಲಿ ಒಬ್ಬಳೇ ಮುದುಕಿ. ಹೆಸರು ಹಿಲ್ಡಾ. ನಾನು ಹಿಲ್ಡಾಬಾಯಿ ಅಂದೆ. ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ಎತ್ತರ. ಇಡೀ ದಿನ ಕಿಟಕಿಯ ಪರದೆಯ ಹಿಂದೆ ಕೂತು ಉಣ್ಣೆ ಹೆಣೆಯುತ್ತಾಳೆ. ಕೈ ಹೆಣೆಯುತ್ತದೆ, ಕಣ್ಣು ನಮ್ಮ ಮನೆಯ ಮೇಲೆ. ನಾನು ಹಿತ್ತಲಲ್ಲಿ ಬಟ್ಟೆ ಒಗೆದರೂ ನೋಡುತ್ತಾಳೆ, ನೀರು ಚೆಲ್ಲಿದರೂ ನೋಡುತ್ತಾಳೆ. ಪರದೆ ಅಲ್ಲಾಡುವುದು ನನಗೆ ಕಾಣುತ್ತಿತ್ತು.

ಒಂದು ದಿನ ಬಟ್ಟಲಿನ ಮೇಲೆ ಬಟ್ಟೆ ಮುಚ್ಚಿಕೊಂಡು ಬಂದಳು. ಸುಮಿಗೆ ಅಂತ ಏನೋ ಹುಳಿ ಕಡುಬು. ಪುಸ್ತಕದಲ್ಲೂ ಹೀಗೇ ಬಟ್ಟೆ ಮುಚ್ಚಿಕೊಂಡೇ ಬಂದಿದ್ದಳು. ನಕ್ಕು ಇಸಕೊಂಡೆ, ಅವಳು ಹೋದ ಮೇಲೆ ಹಿತ್ತಲಿನ ಗುಲಾಬಿಯ ಬುಡಕ್ಕೆ ಸುರಿದು ಮಣ್ಣು ಎಳೆದೆ. ಮತ್ತೆ ತಂದಳು. ಮತ್ತೆ ಸುರಿದೆ. ಪರದೆಯ ಹಿಂದೆ ಕೂತವಳು ಅದನ್ನೂ ನೋಡಿರಬೇಕು ಅಂತ ನನಗೆ ಆಗ ಹೊಳೆಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು, ಆಸ್ಪತ್ರೆಯಲ್ಲಿ. ಸುಮಿ ಸುಖವಾಗಿ ಹಡೆದಳು. ಮನೆಗೆ ಬಂದ ಮೇಲೆ ಒಬ್ಬ ನರ್ಸು ಸಣ್ಣ ಕಾರಿನಲ್ಲಿ ಬಂದು ನೋಡಿ, ಕೂಸನ್ನು ತಳ್ಳುಗಾಡಿಯಲ್ಲಿ ಹಾಕಿ ದಿನಾ ಹೊರಗೆ ಮಲಗಿಸಿ ಅಂದಳು. ಹೊರಗೆ ಅಂದರೆ ಆ ಚಳಿಯಲ್ಲಿ, ಹುಲ್ಲಿನ ಮೇಲೆ! ಗಾಳಿ ಬೇಕಂತೆ.

"ಸುಮೀ, ಈಕಿಗೆ ಮಕ್ಕಳದಾವೇನು ಕೇಳು," ಅಂದೆ.

"ಆಯಿ, ಸುಮ್ನಿರು."

"ಗಾಳಿ ಹೊಡದ್ರ ಬಾಣಂತಿ ಸನ್ನಿ ಆಗ್ತದ. ಕೂಸಿಗೆ ಥಂಡಿ ಹಿಡೀತದ. ಒಂದು ಕಳಕೊಂಡೀಯಲ್ಲ, ಸಾಕಾಗಿಲ್ಲೇನು?"

ಸುಮಿಯ ಮುಖ ಸಣ್ಣದಾಯಿತು. ಆ ಮಾತು ಅನ್ನಬಾರದಿತ್ತು. ಆದರೆ ಅಂದದ್ದರಿಂದ ಅವಳು ನಾನು ಹೇಳಿದ ಹಾಗೆ ಕೇಳಿದಳು.

ಕೆಂಡ

ನಮ್ಮಲ್ಲಿ ಬಾಣಂತಿಗೆ ಎರೆದ ಮೇಲೆ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು ಕಾಸುತ್ತಾರೆ. ಕೆಂಡದ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಲೋಬಾನ. ಮೇಲೆ ತಾಯಿ, ಕೂಸು, ಅವರ ಮೇಲೆ ಕೌದಿ. ಬಿಬವೇವಾಡಿಯಲ್ಲಿ ಎಷ್ಟು ಮನೆಯಲ್ಲಿ ಮಾಡಿದ್ದೇನೋ ಲೆಕ್ಕವಿಲ್ಲ. ತಗಡಿನ ಮಾಡು, ಹೆಂಚಿನ ಮಾಡು, ಎಲ್ಲೆಲ್ಲೂ ಸಂದಿ. ಹೊಗೆ ತನ್ನಷ್ಟಕ್ಕೆ ಹೋಗುತ್ತದೆ. ನಾವು ಅದರ ಬಗ್ಗೆ ಯೋಚಿಸಿದ್ದೇ ಇಲ್ಲ.

ಅಲ್ಲಿಯ ಮನೆಯ ಕೆಳಗಿನ ಕೋಣೆಯಲ್ಲಿ ಕಲ್ಲಿದ್ದಲಿನ ಒಲೆ ಗೋಡೆಯೊಳಗೆ ಕಟ್ಟಿತ್ತು. ಅದರ ಹೊಗೆಗೆ ಮೇಲೆ ಕೊಳವೆ. ಅರವಿಂದರಾಯರು ಕಾರಖಾನೆಗೆ ಹೋದ ಮೇಲೆ ನಾನು ಆ ಒಲೆಯಿಂದ ಕೆಂಡ ತೆಗೆದು ಕಬ್ಬಿಣದ ಬಾಣಲೆಗೆ ತುಂಬಿಕೊಂಡು ಮೆಟ್ಟಿಲು ಹತ್ತಿದೆ. ಸುಮಿಯ ಮಂಚದ ಕೆಳಗೆ ಇಟ್ಟೆ. ಕಿಟಕಿಯ ಸಂದಿಯಿಂದ ಸೂಜಿಯಂಥ ಗಾಳಿ ಬರುತ್ತಿತ್ತು. ಟವೆಲು ತುರುಕಿದೆ. ಪರದೆ ಎಳೆದೆ.

"ಬೆಚ್ಚಗಾತು ಆಯಿ," ಅಂದಳು ಸುಮಿ. "ನಿದ್ದಿ ಬರ್ಲಿಕತ್ತದ."

"ಮಲಗು," ಅಂದೆ. ಬಾಗಿಲು ಹಾಕಿ, ಅದರ ಬುಡಕ್ಕೂ ಒಂದು ಹಳೆಯ ಸೀರೆ ಸುತ್ತಿಟ್ಟು, ಗಂಜಿ ಕಾಸಲು ಕೆಳಗೆ ಬಂದೆ.

ಗಂಜಿ ಕುದಿಯುವಾಗ ಬಾಗಿಲು ಬಡಿದರು. ಗಾಜಿನಲ್ಲಿ ನೋಡಿದರೆ ಹಿಲ್ಡಾಬಾಯಿ. ತಲೆಗೆ ರುಮಾಲಿಲ್ಲ, ಕೈಯಲ್ಲಿ ಬಟ್ಟಲಿಲ್ಲ. ಮೇಲೆ ಕೈ ತೋರಿಸಿ ಕೂಗುತ್ತಿದ್ದಳು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಮನೆಯಲ್ಲಿ ಗಂಡಸಿಲ್ಲದ ಹೊತ್ತು ನೋಡಿ ಬಂದಿದ್ದಾಳೆ ಅಂತ ಅನಿಸಿತು. ನಾನು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಬಡಿತ ನಿಂತಿತು. ಹೋದಳು ಅಂದುಕೊಂಡೆ. ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದ ಸಪ್ಪಳ. ಅದಕ್ಕೆ ಚಿಲಕ ಹಾಕಿರಲಿಲ್ಲ. ಕೆಸರಿನ ಬೂಟು ಹಾಕಿಕೊಂಡೇ ಅಡಿಗೆ ಮನೆ ದಾಟಿ ಮೆಟ್ಟಿಲಿಗೆ ಓಡಿದಳು. ನಾನು ಹಿಂದಿನಿಂದ ಅವಳ ಕೋಟು ಹಿಡಿದೆ.

"ಎಲ್ಲಿಗ್ ಹೊಂಟೀಯ? ನನ್ನ ಬಾಣಂತಿ ಮಲಗ್ಯಾಳ! ಬಿಡೂದಿಲ್ಲ ನಿನ್ನ!"

ಜಗ್ಗಿದೆ. ಗುಂಡಿ ಕಿತ್ತು ಬಂತು. ಅವಳು ಮೊಣಕೈಯಿಂದ ನನ್ನ ಎದೆಗೆ ತಿವಿದು ಕೋಟು ನನ್ನ ಕೈಯಲ್ಲೇ ಬಿಟ್ಟು ಮೇಲೆ ಹೋದಳು. ನಾನು ತೆವಳಿಕೊಂಡು ಹತ್ತಿದೆ. ಕೋಣೆ ತುಂಬ ಹೊಗೆ. ಅವಳು ಪರದೆ ಹರಿದು ಟವೆಲು ಕಿತ್ತು ಕಿಟಕಿ ಎತ್ತಿದಳು. ಸುಮಿಯ ಪಕ್ಕದಿಂದ ಕೂಸನ್ನು ಎತ್ತಿಕೊಂಡು ಎರಡೂ ಕೈಯಲ್ಲಿ ಕಿಟಕಿಯ ಹೊರಗೆ ಹಿಡಿದಳು.

ಎಸೆಯುತ್ತಾಳೆ ಅಂದುಕೊಂಡೆ. ಕೂಗಿದೆ: "ಸುಮೀ, ಏಳವ್ವಾ! ಕೂಸನ್ನ ಒಗೀತಾಳ!"

ಸುಮಿ ಏಳಲಿಲ್ಲ. ಅಲ್ಲಾಡಿಸಿದೆ. ಕುತ್ತಿಗೆ ಆ ಕಡೆ ಬಿತ್ತು. ಆಗ ನನಗೆ ತಿಳಿಯಿತು. ಕೊಲ್ಲುತ್ತಿದ್ದವರು ಯಾರು ಅಂತ.

ಹಿಲ್ಡಾಬಾಯಿ ಕೂಸನ್ನು ಕಿಟಕಿಯಲ್ಲೇ ಒಂದು ಕೈಗೆ ಆನಿಸಿಕೊಂಡು ಅದರ ಅಂಗಾಲಿಗೆ ಬೆರಳಿನಿಂದ ಹೊಡೆದಳು. ಹೊಡೆದಳು. ಕೂಸು ಸಣ್ಣಗೆ, ಬೆಕ್ಕಿನ ಮರಿಯ ಹಾಗೆ, ಒಂದು ಸದ್ದು ಮಾಡಿತು. ನಾನು ಸುಮಿಯ ಕಂಕುಳಿಗೆ ಕೈ ಹಾಕಿ ಕಿಟಕಿಯ ಹತ್ತಿರ ದರದರ ಎಳೆದೆ. ಇಟ್ಟಿಗೆ ಹೊತ್ತ ಮೈ, ಎಳೆಯಿತು.

ಆಸ್ಪತ್ರೆ

ತಾಯಿ, ಕೂಸು ಇಬ್ಬರನ್ನೂ ಬಿಳಿಯ ಗಾಡಿಯಲ್ಲಿ ಒಯ್ದರು. ಮೂಗಿಗೆ ರಬ್ಬರಿನ ಬಟ್ಟಲು ಕಟ್ಟಿದ್ದರು. ಹಿಲ್ಡಾಬಾಯಿ ಕೂಡ ಹೋದಳು. ನನ್ನನ್ನು ಯಾರೂ ಹತ್ತಿಸಿಕೊಳ್ಳಲಿಲ್ಲ.

ಪೊಲೀಸಿನವನು ಬಂದ. ಟೋಪಿ ತೆಗೆದು ಅಡಿಗೆ ಮನೆಯಲ್ಲಿ ನಿಂತ. ಮೇಲೆ ಹೋಗಿ ಬಾಣಲೆ ನೋಡಿದ, ಟವೆಲು ನೋಡಿದ, ಕೆಳಗೆ ಬಂದು ನನ್ನನ್ನು ನೋಡಿದ. ಈ ಪೊಲೀಸಿನವನಿಗೆ ಎಲ್ಲ ತಿಳಿದಿತ್ತು. ನಾನು ಒಗೆದ ಸೀರೆ ಉಟ್ಟು, ಇನ್ನೊಂದು ಸೀರೆ ಗಂಟು ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತೆ. ಜೈಲಿನಲ್ಲಿ ಏನು ಕೊಡುತ್ತಾರೋ. ಅವನು ಬಾಣಲೆ ಹೊರಗೆ ಒಯ್ದು ಕೆಂಡ ಆರಿಸಿ, ಗಂಜಿಯ ಒಲೆಯನ್ನೂ ಆರಿಸಿ ಹೊರಟುಹೋದ. ಗಂಟು ತೊಡೆಯ ಮೇಲೇ ಇತ್ತು.

ಅರವಿಂದರಾಯರು ಬಂದು ನನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಇಳಿಯುವಾಗ ಅಂದರು:

"ಬದುಕಿದ್ರ ನಿಮ್ಮನ್ನ ವಿಮಾನಕ್ಕ ಹತ್ತಸ್ತೀನಿ. ಇಲ್ಲಂದ್ರ ಏನ್ ಮಾಡ್ತೀನಿ ನನಗ ಗೊತ್ತಿಲ್ಲ."

"ಆಗಲ್ರಿ," ಅಂದೆ.

"ಇಷ್ಟು ವರ್ಷ ಮಾಡೀನಿ ಅಂತ ಹೇಳಬ್ಯಾಡ್ರಿ ಮತ್ತ."

"ಹೇಳೂದಿಲ್ರಿ."

ಸಂಜೆಯ ಹೊತ್ತಿಗೆ ಸುಮಿ ಕಣ್ಣು ತೆರೆದಳು, ವಾಂತಿ ಮಾಡಿದಳು, ನನ್ನನ್ನು ಕೇಳಿದಳು. ಕೂಸಿನ ಬಗ್ಗೆ ಡಾಕ್ಟರು ಏನೂ ಹೇಳಲು ಒಪ್ಪಲಿಲ್ಲ. ನೋಡಬೇಕು ಅಂದರು. ಕೆಂಡದ ವಿಷಗಾಳಿಯಿಂದ ಮಿದುಳಿಗೆ ಪೆಟ್ಟಾಗಿದ್ದರೆ ಈಗ ಗೊತ್ತಾಗುವುದಿಲ್ಲವಂತೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಾನು ಗಾಜಿನ ಹೊರಗೆ ನಿಂತು ಅದರ ಎದೆ ಏಳುವುದನ್ನೇ ನೋಡುತ್ತಿದ್ದೆ. ಸಾವ್ಕಾರ್ತಿಗೆ ಯಾವ ಮುಖ ತೋರಿಸಲಿ? ದೇವರಿಗೆ ಹರಕೆ ಹೊರಲಿಲ್ಲ. ದೇವರು ಇದರಲ್ಲಿ ಏನು ಮಾಡಿದ್ದ, ಎಲ್ಲ ನಾನೇ ಮಾಡಿದ್ದು.

ಹಿಲ್ಡಾಬಾಯಿ ಬಾಕಿನ ಮೇಲೆ ಕೂತಿದ್ದಳು, ಕೋಟಿಲ್ಲದೆ. ಅವಳಿಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಆಮೇಲೆ ಅರವಿಂದರಾಯರು ಕೇಳಿ ಹೇಳಿದರು. ಪರದೆಯ ಹಿಂದೆ ಕೂತವಳು, ನಾನು ಕೆಂಪು ಬಾಣಲೆ ಹಿಡಿದು ಮೆಟ್ಟಿಲ ಕಿಟಕಿ ದಾಟಿ ಹೋಗುವುದನ್ನು ನೋಡಿದಳಂತೆ. ಬರಿಗೈಯಲ್ಲಿ ಇಳಿದದ್ದನ್ನೂ ನೋಡಿದಳಂತೆ. ಮೇಲಿನ ಕೋಣೆಯಲ್ಲಿ ಒಲೆಯಿಲ್ಲ ಅಂತ ಅವಳಿಗೆ ಗೊತ್ತು. ಆ ಕೋಣೆಯ ಪರದೆಯೂ ಮುಚ್ಚಿತ್ತು. ಅಷ್ಟೇ ಸಾಕಾಯಿತು. ಮುಚ್ಚಿದ ಕೋಣೆಯಲ್ಲಿ ಕಲ್ಲಿದ್ದಲಿನ ಕೆಂಡ ಇಡಬಾರದು ಅಂತ ಆ ಊರಿನಲ್ಲಿ ಮಕ್ಕಳಿಗೂ ಗೊತ್ತಂತೆ.

ಈಗ ಬಿಬವೇವಾಡಿಯಲ್ಲಿ ನಾನು ಮೊದಲು ಕಿಟಕಿ ತೆರೆಸಿ ಆಮೇಲೆ ಶೇಗಡಿಗೆ ಕೈ ಹಚ್ಚುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ, ಬಾಣಂತಿಗೆ ಗಾಳಿ ಹೊಡೆಸುತ್ತಾಳೆ ಅನ್ನುತ್ತಾರೆ. ಅನ್ನಲಿ. ಇದನ್ನು ಓದುವವರ ಮನೆಯಲ್ಲಿ ಬಾಣಂತಿ ಇದ್ದರೆ ಈಗಲೇ ಎದ್ದು ಹೋಗಿ ಕಿಟಕಿ ನೋಡಿ ಬನ್ನಿ.

ಎರೆಯುವ ಹೊತ್ತು

ಕೂಸು ಹಾಲು ಕುಡಿಯತೊಡಗಿತು. ಬೆರಳು ಕೊಟ್ಟರೆ ಹಿಡಿಯಿತು. ದೀಪ ಹೊರಳಿದ ಕಡೆ ಕಣ್ಣು ಹೊರಳಿಸಿತು. ಡಾಕ್ಟರು ಮನೆಗೆ ಕಳಿಸಿದರು.

ಅರವಿಂದರಾಯರು ಟಿಕೀಟಿನ ಮಾತು ತೆಗೆದರು. ಸುಮಿ ಹಾಸಿಗೆಯಲ್ಲೇ ಎದ್ದು ಕೂತಳು.

"ಆಯಿ ಹೋದ್ರ ನಾನೂ ಕೂಸಿನ ಕಟ್ಕೊಂಡು ಪುಣೆಕ್ಕ ಹೋಗ್ತೀನಿ."

"ಕೊಲ್ಲಾಕ ಹತ್ತಿದ್ರು ಸುಮಿತ್ರಾ, ಅವರು ನಿನ್ನ!"

"ಬೇಕಂತ ಮಾಡಿದ್ರೇನು?"

"ಬೇಕಂತ ಮಾಡ್ದಿದ್ರ ಸಾಯೂದಿಲ್ಲೇನು?"

ಅವರು ಹೇಳಿದ್ದೂ ಖರೇನೇ. ಕಡೆಗೆ ಒಂದು ಒಪ್ಪಂದವಾಯಿತು. ಕೂಸಿಗೆ ಎರೆಯುವುದು ನಾನೇ, ಆದರೆ ಹಿಲ್ಡಾಬಾಯಿ ಎದುರಿಗಿದ್ದಾಗ ಮಾತ್ರ.

ದಿನಾ ಬಂದಳು. ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಹೆಣೆಯುತ್ತಿದ್ದಳು. ಕೋಟಿನ ಗುಂಡಿ ನಾನೇ ಹೊಲಿದು ಕೊಟ್ಟಿದ್ದೆ, ಬೇರೆ ಬಣ್ಣದ ದಾರದಲ್ಲಿ. ನಾನು ನೆಲದ ಮೇಲೆ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿ ತಿಕ್ಕುವುದನ್ನು ನೋಡಿ ಮೊದಲ ದಿನ ಸ್ಟೂಲಿನಿಂದ ಅರ್ಧ ಎದ್ದಳು. ನಾನು ಕೈ ಹಗುರ ಮಾಡಿದೆ. ಕೂತಳು. ನನ್ನ ಕೈ ಮೊದಲಿನ ಹಾಗಿರಲಿಲ್ಲ. ಮೂಗು ಹಿಂಡುವಾಗ, ನೀರು ಹೊಯ್ಯುವಾಗ, ಪ್ರತಿ ಸಲ ಅವಳ ಮುಖ ನೋಡಿ ಮುಂದಿನದು ಮಾಡುತ್ತಿದ್ದೆ.

ಒಂದು ದಿನ ಸುಮಿ ಪಕ್ಕದ ಕೋಣೆಯಿಂದ ಆ ಪುಸ್ತಕದ ಸುದ್ದಿ ತೆಗೆದಳು. ಹಿಲ್ಡಾಬಾಯಿ ಅಂಥ ಪುಸ್ತಕ ಒಂದನ್ನೂ ಬಿಟ್ಟವಳಲ್ಲವಂತೆ. ಸೂಜಿ ನಿಲ್ಲಿಸದೆ ಹೇಳಿದಳು, ಸುಮಿ ಕನ್ನಡದಲ್ಲಿ ಹೇಳಿದಳು. ಕೊಂದವನು ಅಕ್ಕನ ಮಗ. ಮನೆಯ ಆಸೆಗೆ.

"ಇಷ್ಟೇನಾ?" ಅಂದೆ. "ಇದಕ್ಕ ಪುಸ್ತಕ ಯಾಕ ಬೇಕು? ನಮ್ಮ ಪುಣೇದಾಗ ಶಿವಾಜಿನಗರದ ಕೋರ್ಟಿನ ಮುಂದ ನಿತ್ರ ಇಂಥಾವ್ರು ದಿನಾ ಕಾಣ್ತಾರ."

ಸುಮಿ ಅದನ್ನು ಹೇಳಿದಳೋ ಇಲ್ಲವೋ, ಹಿಲ್ಡಾಬಾಯಿ ಜೋರಾಗಿ ನಕ್ಕಳು. ನನ್ನ ಹಾಗೇ ಅವಳಿಗೂ ಮುಂದಿನ ಹಲ್ಲಿಲ್ಲ ಅಂತ ಆಗ ಗೊತ್ತಾಯಿತು.

ನಾನು ಹೊರಡುವ ದಿನ ಹತ್ತಿರ ಬಂದಿತ್ತು. ಸುಮಿ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದಳು, ನಾನು ಕೂಸಿಗೆ ಎರೆಯುತ್ತಿದ್ದೆ. ಹಿಲ್ಡಾಬಾಯಿ ನಡುವೆಯೇ ಹೆಣಿಗೆ ಸುತ್ತಿ ಚೀಲಕ್ಕೆ ಹಾಕಿ ಎದ್ದಳು. ಕೂಸನ್ನು ನೋಡಿದಳು. ಏನೋ ಒಂದು ಮಾತು ಹೇಳಿದಳು, ನನಗೆ ತಿಳಿಯಲಿಲ್ಲ. ಸ್ಟೂಲನ್ನು ಎತ್ತಿ ಹೊರಗಿಟ್ಟಳು. ಕೂಸಿಗೆ ಗಾಳಿ ಹೊಡೆಯಬಾರದು ಅಂತ ಬಚ್ಚಲ ಬಾಗಿಲನ್ನು ಪೂರ್ತಿ ಎಳೆದುಕೊಂಡು ಹೋದಳು. ಮೆಟ್ಟಿಲು ಇಳಿದ ಸಪ್ಪಳ ಕೇಳಿಸಿತು, ಆಮೇಲೆ ಅವಳ ಗೇಟಿನ ಸಪ್ಪಳ.

ನಾನು, ಕೂಸು, ಬಿಸಿನೀರಿನ ಉಗಿ. ಎದುರಿಗೆ ಮುಚ್ಚಿದ ಬಾಗಿಲು. ಸೋಪಿನಲ್ಲಿ ಕೂಸು ಜಾರುತ್ತಿತ್ತು. ಒಂದು ಕೈಯಲ್ಲಿ ಅದರ ಕುತ್ತಿಗೆ ಭದ್ರ ಹಿಡಿದು, ಕೂತಲ್ಲಿಂದಲೇ ಸರಿದು, ಇನ್ನೊಂದು ಕೈ ಚಾಚಿ ಬಾಗಿಲು ಎಳೆದು ತೆರೆದೆ.

ಥಂಡಿ ಗಾಳಿ ಬಂತು. ಕೂಸು ಕಿರುಚಿ ಅಳತೊಡಗಿತು. ಅಳಲಿ ಅಂತ ಬಿಟ್ಟೆ.